ನಾಸಿಕ್‌ನ ದ್ರಾಕ್ಷಿತೋಟ ಮತ್ತು ವೈನರಿಗಳಿಗೆ ಪ್ರವಾಸ: ಯೋಜಿಸಿಕೊಳ್ಳುವ ಕ್ರಮ

ಕರ್ನಾಟಕದ ಬಹುಪಾಲು ಕುಟುಂಬಗಳಿಗೆ ನಾಸಿಕ್ ಎಂದರೆ ಇಂದಿಗೂ ಪಂಚವಟಿ, ಗೋದಾವರಿ ಸ್ನಾನ ಮತ್ತು ತ್ರ್ಯಂಬಕೇಶ್ವರನ ದರ್ಶನ. ಅದೇ ಊರು ಕಳೆದ ಎರಡೂವರೆ ದಶಕಗಳಲ್ಲಿ ಭಾರತದ ವೈನ್ ತಯಾರಿಕೆಯ ಕೇಂದ್ರವಾಗಿಯೂ ಬೆಳೆದಿದೆ. ರಾಜೀವ್ ಸಾಮಂತ್ ಅವರು 1999ರಲ್ಲಿ ಸುಲಾ ವೈನರಿಯನ್ನು ಆರಂಭಿಸಿದರು. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಅಲ್ಲಿಂದೀಚೆಗೆ ಗಂಗಾಪುರ, ದಿಂಡೋರಿ, ಇಗತ್‌ಪುರಿ ಭಾಗಗಳಲ್ಲಿ ಹಲವು ವೈನರಿಗಳು ತಲೆಯೆತ್ತಿ, ಅವುಗಳಲ್ಲಿ ಕೆಲವು ಪ್ರವಾಸಿಗರಿಗೆ ಬಾಗಿಲು ತೆರೆದವು.

ಇಲ್ಲಿಗೆ ಹೋಗುವವರು ಸಾಮಾನ್ಯವಾಗಿ ಮೊದಲು ವೈನರಿಯ ಹೆಸರನ್ನು ಆರಿಸುತ್ತಾರೆ, ಅನಂತರ ರಜೆ ಸಿಕ್ಕ ದಿನಕ್ಕೆ ಟಿಕೆಟ್ ಮಾಡುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ವೈನ್ ಮೂಲತಃ ಒಂದು ಬೆಳೆಯ ಉತ್ಪನ್ನವಾದ್ದರಿಂದ, ಬಳ್ಳಿಯಲ್ಲಿ ಹಣ್ಣಿರುವ ಕಾಲವನ್ನು ತಿಳಿದು, ಹೋಗುವ ದಿಕ್ಕನ್ನು ನಿಶ್ಚಯಿಸಿ, ದಿನಕ್ಕೆ ಎರಡಕ್ಕಿಂತ ಹೆಚ್ಚು ವೈನರಿಗಳನ್ನು ಸೇರಿಸದೆ ಯೋಜಿಸಿದರೆ ಮಾತ್ರ ಈ ಪ್ರವಾಸದಿಂದ ನಿಜವಾದ ತಿಳಿವಳಿಕೆ ದೊರೆಯುತ್ತದೆ. ಇಲ್ಲದಿದ್ದರೆ ಬೆಂಗಳೂರಿನ ಯಾವುದೇ ರೆಸ್ಟೋರೆಂಟಿನಲ್ಲಿ ಕುಡಿಯಬಹುದಾದ ವೈನನ್ನು ಸಾವಿರ ಕಿಲೋಮೀಟರ್ ದೂರ ಹೋಗಿ ಕುಡಿದು ಬಂದಂತಾಗುತ್ತದೆ.

ಮೊದಲು ತಿಂಗಳನ್ನು ನಿಶ್ಚಯಿಸಿ

ಫ್ರಾನ್ಸ್ ಅಥವಾ ಇಟಲಿಯಲ್ಲಿ ದ್ರಾಕ್ಷಿಬಳ್ಳಿಯು ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಾಂತಿಗೆ ಹೋಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ವರೆಗೆ ಹಣ್ಣು ಕೊಡುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಬಳ್ಳಿಗೆ ಅಂಥ ವಿಶ್ರಾಂತಿಯನ್ನು ಕೊಡುವಷ್ಟು ಚಳಿ ಬೀಳುವುದಿಲ್ಲ. ಹಾಗಾಗಿ ಇಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟನಿ (ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದು) ಮಾಡಿ ಬಳ್ಳಿಯ ಕಾಲಚಕ್ರವನ್ನು ತಾವೇ ನಡೆಸುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಮಾಡುವ ಮೊದಲ ಚಾಟನಿಯಿಂದ ಹೊಸ ಕಡ್ಡಿಗಳು ಬೆಳೆಯುತ್ತವೆ, ಮುಂದಿನ ಫಸಲಿನ ಮೊಗ್ಗುಗಳು ಆ ಕಡ್ಡಿಗಳೊಳಗೆ ರೂಪುಗೊಳ್ಳುತ್ತವೆ; ಮಳೆ ಇಳಿಮುಖವಾಗುವ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಡುವ ಎರಡನೆಯ ಚಾಟನಿಯಿಂದ ಹೂವು ಮತ್ತು ಗೊಂಚಲು ಬರುತ್ತವೆ. ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ಹಣ್ಣು ಮಾಗುವ ಕಾಲ ಮಳೆಗಾಲಕ್ಕೆ ಸಿಕ್ಕಿದರೆ ಬೂಜು ರೋಗಗಳು ಗೊಂಚಲನ್ನೇ ತಿಂದುಹಾಕುತ್ತವೆ. ಒಣ ಹವೆಯ, ಬಿಸಿಲಿನ ಹಗಲು ಮತ್ತು ತಂಪಾದ ರಾತ್ರಿಗಳ ಚಳಿಗಾಲಕ್ಕೆ ಮಾಗುವಿಕೆಯನ್ನು ತಂದು ನಿಲ್ಲಿಸುವುದೇ ಈ ಎರಡು ಚಾಟನಿಗಳ ಉದ್ದೇಶ.

ಪ್ರವಾಸಿಗನಿಗೆ ಇದರ ಅರ್ಥ ಸ್ಪಷ್ಟವಾಗಿದೆ. ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರಗಳವರೆಗಿನ ಅವಧಿಯೇ ಅತ್ಯುತ್ತಮ ಕಾಲ. ಅದರಲ್ಲೂ ಶೆನಿನ್ ಬ್ಲಾಂಕ್, ಸೊವಿನ್ಯೋನ್ ಬ್ಲಾಂಕ್‌ನಂಥ ಬಿಳಿ ತಳಿಗಳು ಮೊದಲು ಕೊಯ್ಲಿಗೆ ಬರುತ್ತವೆ; ಶಿರಾಜ್, ಕ್ಯಾಬರ್ನೆ ಸೊವಿನ್ಯೋನ್‌ನಂಥ ಕಪ್ಪು ತಳಿಗಳು ಫೆಬ್ರವರಿ ಮತ್ತು ಮಾರ್ಚ್‌ವರೆಗೂ ಬಳ್ಳಿಯ ಮೇಲಿರುತ್ತವೆ. ಕೊಯ್ಲು, ಹಣ್ಣು ಇಳಿಸುವುದು, ಹಿಂಡುವುದು, ಹುದುಗು ಬರಿಸುವುದು ಎಲ್ಲವನ್ನೂ ಒಂದೇ ಭೇಟಿಯಲ್ಲಿ ನೋಡಬೇಕಾದರೆ ಫೆಬ್ರವರಿ ಮೊದಲಾರ್ಧವನ್ನು ಆರಿಸಿಕೊಳ್ಳಿ. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಗೊಂಚಲುಗಳು ಹಸಿರಾಗಿ, ಗಟ್ಟಿಯಾಗಿ ಇರುತ್ತವೆ. ಹವೆ ಬಹಳ ಹಿತವಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲೂ ಹೆಚ್ಚು, ತೋಟವೂ ಬೋಳು. ಮಳೆಗಾಲದಲ್ಲಿ ಸಹ್ಯಾದ್ರಿಯ ಬದಿಯ ಇಗತ್‌ಪುರಿ ಅತ್ಯಂತ ಸುಂದರವಾಗಿರುತ್ತದೆ ಎಂಬುದು ನಿಜ, ಆದರೆ ಆಗ ಬಳ್ಳಿಯಲ್ಲಿ ಎಲೆಯಿರುತ್ತದೆಯೇ ಹೊರತು ಹಣ್ಣಿರುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ತಪ್ಪಿಸಬೇಕಾದ ದಿನಗಳನ್ನು ಗುರುತಿಸಿಕೊಳ್ಳಿ. ಜನವರಿ 26 ಮದ್ಯ ಮಾರಾಟವಿಲ್ಲದ ದಿನವಾಗಿದ್ದು, ಅದು ಕೊಯ್ಲಿನ ಕಾಲದ ನಡುವೆಯೇ ಬರುತ್ತದೆ. ಚುನಾವಣೆಯ ಮತದಾನ ಮತ್ತು ಎಣಿಕೆಯ ದಿನಗಳಿಗೂ ಇದೇ ನಿರ್ಬಂಧವಿರುತ್ತದೆ. ಮಹಾಶಿವರಾತ್ರಿಯಂದು ತ್ರ್ಯಂಬಕೇಶ್ವರಕ್ಕೆ ಹೋಗುವ ಭಕ್ತರಿಂದ ಊರಿನ ಪಶ್ಚಿಮ ಭಾಗದ ರಸ್ತೆಗಳು ತುಂಬಿರುತ್ತವೆ. ಮುಂಬೈ ಮತ್ತು ಪುಣೆ ಎರಡೂ ಕೆಲವೇ ಗಂಟೆಗಳ ದೂರದಲ್ಲಿರುವುದರಿಂದ ಋತುವಿನ ಪ್ರತಿ ಶನಿವಾರ-ಭಾನುವಾರ ಹೆಸರುವಾಸಿ ವೈನರಿಗಳಲ್ಲಿ ವಿಪರೀತ ಜನಸಂದಣಿಯಾಗುತ್ತದೆ, ಕೋಣೆಗಳ ದರವೂ ಏರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಎರಡು ಪೂರ್ಣ ದಿನಗಳನ್ನು ಹೊಂದಿಸಿಕೊಳ್ಳಲು ಸಾಧ್ಯವಾದರೆ, ತೋಟ ತೋರಿಸುವವರು ನಿಮ್ಮ ಪ್ರಶ್ನೆಗಳಿಗೆ ನಿಂತು ಉತ್ತರಿಸುವಷ್ಟು ಬಿಡುವಾಗಿ ಸಿಗುತ್ತಾರೆ. ಇದಕ್ಕಾಗಿ ಒಂದೆರಡು ದಿನ ರಜೆ ಹಾಕುವುದು ಸಾರ್ಥಕವೆಂದು ನಾನು ಹೇಳುತ್ತೇನೆ. ಸುಲಾ ವೈನರಿಯ ಸಂಗೀತೋತ್ಸವ ಸಾಮಾನ್ಯವಾಗಿ ಫೆಬ್ರವರಿಯ ಸುಮಾರಿಗೆ ನಡೆಯುತ್ತದೆ. ಸಂಗೀತಕ್ಕಾಗಿ ಹೋಗುವವರನ್ನು ಬಿಟ್ಟು ಉಳಿದವರು ಆ ದಿನಾಂಕಗಳನ್ನು ಮೊದಲೇ ತಿಳಿದು ಬದಿಗಿಡುವುದು ಒಳಿತು. 2027ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ನಾಸಿಕ್-ತ್ರ್ಯಂಬಕೇಶ್ವರದ ಸಿಂಹಸ್ಥ ಕುಂಭಮೇಳದ ಮುಖ್ಯ ಸ್ನಾನಗಳು ಬರುವುದರಿಂದ, ಆ ತಿಂಗಳುಗಳಲ್ಲಿ ಕುಂಭಕ್ಕಾಗಿಯಲ್ಲದೆ ಬೇರೆ ಕಾರಣಕ್ಕೆ ಆ ಊರಿಗೆ ಹೋಗುವ ಯೋಚನೆಯನ್ನು ಮಾಡಬೇಡಿ.

ಊರು ಸೇರುವ ದಾರಿ

ವಿಮಾನದಲ್ಲಿ ಹೋಗುವವರಿಗೆ ಓಝರ್ ವಿಮಾನ ನಿಲ್ದಾಣವು ಊರಿನ ಈಶಾನ್ಯಕ್ಕಿದೆ. ಅಲ್ಲಿಗೆ ಹೋಗುವ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ವೈನರಿಯಲ್ಲಿ ಕೋಣೆ ಕಾಯ್ದಿರಿಸುವ ಮೊದಲೇ ಅದನ್ನು ಖಚಿತಪಡಿಸಿಕೊಳ್ಳಿ. ಹೊಂದಿಕೆಯಾಗದಿದ್ದರೆ ಮುಂಬೈಗೆ ಹೋಗಿ, ಅಲ್ಲಿಂದ ಸುಮಾರು 170 ಕಿ.ಮೀ. ರಸ್ತೆಯಲ್ಲಿ ಕಸಾರಾ ಘಾಟ್ ಹತ್ತಿ ಬರಬಹುದು.

ರೈಲಿನಲ್ಲಿ ಹೋಗುವವರು ಮನ್ಮಾಡ್ ಜಂಕ್ಷನ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಬೆಂಗಳೂರಿನಿಂದ ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ ಮಾರ್ಗವಾಗಿ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮನ್ಮಾಡ್‌ನಲ್ಲಿ ನಿಲ್ಲುತ್ತದೆ. ಬೆಳಗಾವಿ, ಮೀರಜ್, ಪುಣೆ ಮಾರ್ಗದ ಗೋವಾ ಎಕ್ಸ್‌ಪ್ರೆಸ್ ಕೂಡ ಅಲ್ಲಿಗೆ ಬರುತ್ತದೆ. ಮನ್ಮಾಡ್‌ನಿಂದ ಮುಂಬೈ ಕಡೆಗೆ ಹೋಗುವ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ನಾಸಿಕ್ ರೋಡ್ ನಿಲ್ದಾಣ ಸಿಗುತ್ತದೆ. ಈ ನಿಲ್ದಾಣ ಹಳೆಯ ಊರಿನಿಂದ ಸಾಕಷ್ಟು ದೂರ, ಆಗ್ನೇಯಕ್ಕಿದೆ. ವೈನರಿಗಳು ಹೆಚ್ಚಾಗಿರುವ ಗಂಗಾಪುರ ಊರಿನ ಪಶ್ಚಿಮಕ್ಕಿದೆ. ಅಂದರೆ ರೈಲಿಳಿದ ಮೇಲೆ ಇಡೀ ಊರನ್ನು ದಾಟಿ ಸುಮಾರು 20 ಕಿ.ಮೀ. ಹೋಗಬೇಕಾಗುತ್ತದೆ ಎಂಬುದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಸ್ವಂತ ಕಾರಿನಲ್ಲಿ ಹೋಗುವವರಿಗೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಅಲ್ಲಿಂದ ಸಂಗಮ್ನೇರ್, ಸಿನ್ನರ್ ಮೂಲಕ ದಾರಿ. ಬೆಂಗಳೂರಿನಿಂದ ಇದು ಒಂದೇ ದಿನದಲ್ಲಿ ಮಾಡುವ ಪ್ರಯಾಣವಲ್ಲ.

ಮೂರು ದಿಕ್ಕುಗಳು, ಅವುಗಳಲ್ಲಿ ನಿಮ್ಮದು ಯಾವುದು

ನಾಸಿಕ್‌ನ ವೈನರಿಗಳೆಲ್ಲ ಒಂದೇ ಬೀದಿಯಲ್ಲಿಲ್ಲ. ಭೂಪಟ ತೆರೆದು ನೋಡಿದರೆ ಪ್ರವಾಸಿಗರಿಗೆ ಉಪಯುಕ್ತವಾದ ಮೂರು ಗುಂಪುಗಳು ಕಾಣುತ್ತವೆ, ಒಂದು ದಿನದಲ್ಲಿ ಒಂದೇ ಗುಂಪನ್ನು ನೋಡುವುದು ಸರಿಯಾದ ಕ್ರಮ.

ಮೊದಲ ಗುಂಪು ಊರಿಗೆ ಅತ್ಯಂತ ಸಮೀಪದ ಗಂಗಾಪುರ ಭಾಗ. ಗೋದಾವರಿಗೆ ಕಟ್ಟಿದ ಗಂಗಾಪುರ ಮಣ್ಣಿನ ಅಣೆಕಟ್ಟಿನ ಹಿನ್ನೀರಿನ ಸುತ್ತ ಸುಲಾ, ಯಾರ್ಕ್, ಸೋಮಾ ಇವೆ. ಸುಲಾ 2005ರಲ್ಲಿ ಪ್ರವಾಸಿಗರಿಗಾಗಿ ರುಚಿ ನೋಡುವ ಕೊಠಡಿಯನ್ನು ತೆರೆದು ಈ ದೇಶದಲ್ಲಿ ವೈನ್ ಪ್ರವಾಸಕ್ಕೆ ದಾರಿ ಮಾಡಿಕೊಟ್ಟಿತು. ಇಂದು ಅಲ್ಲಿ ತಂಗುವ ಕೋಣೆಗಳು, ಊಟದ ಸ್ಥಳಗಳು, ಬಯಲು ರಂಗಮಂದಿರ ಎಲ್ಲವೂ ಇವೆ. ಮೊದಲ ಬಾರಿ ಹೋಗುವವರಿಗೆ, ಮಕ್ಕಳು-ಹಿರಿಯರೊಂದಿಗೆ ಹೋಗುವವರಿಗೆ ಇದು ಅನುಕೂಲಕರ. ಯಾರ್ಕ್ 2006ರ ಸುಮಾರಿಗೆ ಒಂದು ಕುಟುಂಬ ಆರಂಭಿಸಿದ ಸಣ್ಣ ವೈನರಿ. ಮೂವರು ಮಕ್ಕಳ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಆ ಹೆಸರು ಬಂದಿತು, 2021ರಲ್ಲಿ ಅದು ಸುಲಾದ ಒಡೆತನಕ್ಕೆ ಹೋಯಿತು. ಹಿನ್ನೀರಿನ ಮೇಲೆ ಸೂರ್ಯ ಮುಳುಗುವುದನ್ನು ನೋಡಲು ಯಾರ್ಕ್‌ನ ಮೇಲಿನ ಜಗಲಿ ಒಳ್ಳೆಯ ಸ್ಥಳ. ದೊಡ್ಡದೊಂದು, ಸಣ್ಣದೊಂದು ವೈನರಿಯನ್ನು ಒಂದೇ ದಿನ ನೋಡಿದರೆ ಪ್ರಮಾಣದ ವ್ಯತ್ಯಾಸದಿಂದ ಕೆಲಸದ ರೀತಿಯಲ್ಲಿ ಏನೇನು ಬದಲಾಗುತ್ತದೆ ಎಂಬುದು ತಿಳಿಯುತ್ತದೆ.

ಎರಡನೆಯದು ನೈಋತ್ಯಕ್ಕೆ, ಮುಂಬೈ ಕಡೆಗಿರುವ ಇಗತ್‌ಪುರಿ ತಾಲೂಕಿನ ಸಂಜೇಗಾಂವ್ ಭಾಗ. ಇಲ್ಲಿ ಗ್ರೋವರ್ ಜಾಂಪಾ ಮತ್ತು ವಲ್ಲೋನ್ ವೈನರಿಗಳಿವೆ. ಕನ್ನಡ ಓದುಗರಿಗೆ ಇಲ್ಲೊಂದು ಹತ್ತಿರದ ನಂಟು ಇದೆ: ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು ಕಟ್ಟಿದ ಸಂಸ್ಥೆ 2012ರಲ್ಲಿ ಇಲ್ಲಿನ ವೈನರಿಯೊಂದಿಗೆ ವಿಲೀನವಾಗಿ ಈ ಜೋಡಿ ಹೆಸರನ್ನು ಪಡೆಯಿತು. ನಂದಿಯ ತೋಟವನ್ನು ಮೊದಲೇ ನೋಡಿದವರು ಸಂಜೇಗಾಂವ್‌ಗೆ ಹೋದರೆ, ಒಂದೇ ತಳಿ ಎರಡು ಮಣ್ಣುಗಳಲ್ಲಿ ಹೇಗೆ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂದು ಕೇಳಿ ತಿಳಿಯಬಹುದು. ಜನಸಂದಣಿಯಿಂದ ದೂರವಿದ್ದು, ಸಹ್ಯಾದ್ರಿಯ ಸಾಲುಗಳನ್ನು ನೋಡುತ್ತ ನಿಧಾನವಾಗಿ ಕಳೆಯುವ ದಿನಕ್ಕೆ ಈ ಭಾಗವನ್ನೇ ನಾನು ಶಿಫಾರಸು ಮಾಡುತ್ತೇನೆ.

ಮೂರನೆಯದು ಉತ್ತರಕ್ಕಿರುವ ದಿಂಡೋರಿ. ಫ್ರೆಂಚ್ ಸಂಸ್ಥೆಯ ಶಾಂಡನ್ ವೈನರಿ ಇಲ್ಲಿದ್ದು, ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಅದರ ಮುಖ್ಯ ಉತ್ಪನ್ನ. ಪೂರ್ವದ ನಿಫಾಡ್ ಭಾಗದಲ್ಲಿ ತಿನ್ನುವ ದ್ರಾಕ್ಷಿಯ ತೋಟಗಳು ಬಹಳ ವಿಸ್ತಾರವಾಗಿವೆ. ಒಟ್ಟಾರೆ ನಾಸಿಕ್ ಜಿಲ್ಲೆಯ ದ್ರಾಕ್ಷಿಯಲ್ಲಿ ವೈನ್‌ಗೆ ಹೋಗುವುದು ಸಣ್ಣ ಪಾಲು ಮಾತ್ರ, ಬಹುಪಾಲು ತಿನ್ನುವ ಹಣ್ಣಾಗಿಯೇ ಮಾರುಕಟ್ಟೆಗೆ ಮತ್ತು ವಿದೇಶಕ್ಕೆ ಹೋಗುತ್ತದೆ.

ಯಾವ ದಿಕ್ಕನ್ನು ಕೊನೆಯ ದಿನಕ್ಕೆ ಇಡಬೇಕು ಎಂಬುದನ್ನು ನೀವು ಊರಿಗೆ ಮರಳುವ ದಾರಿ ನಿರ್ಧರಿಸಲಿ. ಮುಂಬೈ ಮೂಲಕ ಮರಳುವವರಿಗೆ ಸಂಜೇಗಾಂವ್ ದಾರಿಯ ಬದಿಗೇ ಸಿಗುತ್ತದೆ. ಮನ್ಮಾಡ್‌ನಲ್ಲಿ ರೈಲು ಹತ್ತುವವರಿಗೆ ನಿಫಾಡ್ ದಾರಿಯಲ್ಲಿದೆ. ಅದೇ ತಾಲೂಕಿನ ನಾಂದೂರ್ ಮಧ್ಮೇಶ್ವರ ಪಕ್ಷಿಧಾಮ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ವಲಸೆ ಹಕ್ಕಿಗಳು ಅಲ್ಲಿರುವ ಚಳಿಗಾಲವೂ ದ್ರಾಕ್ಷಿಯ ಋತುವೂ ಒಂದೇ ಆಗಿರುವುದರಿಂದ ಆ ಬೆಳಗನ್ನು ಅಲ್ಲಿ ಕಳೆಯಬಹುದು.

ಕಾಯ್ದಿರಿಸುವಾಗ ಕೇಳಬೇಕಾದ ಪ್ರಶ್ನೆಗಳು

ವೈನರಿಗೆ ಫೋನ್ ಮಾಡಿದಾಗ ದರವನ್ನಷ್ಟೇ ಕೇಳಿ ಇಟ್ಟುಬಿಡಬೇಡಿ. ಕರೆದೊಯ್ದು ತೋರಿಸುವ ಸುತ್ತು ಎಷ್ಟು ಗಂಟೆಗೆ ಆರಂಭವಾಗುತ್ತದೆ, ಅದರಲ್ಲಿ ತೋಟವೂ ಸೇರಿದೆಯೇ ಅಥವಾ ಕಟ್ಟಡದ ಒಳಗಿನ ಟ್ಯಾಂಕುಗಳನ್ನು ಮಾತ್ರ ತೋರಿಸುತ್ತಾರೆಯೇ, ಆ ವಾರ ಕೊಯ್ಲು ನಡೆಯುತ್ತಿದೆಯೇ, ರುಚಿಗೆ ಎಷ್ಟು ಬಗೆಯ ವೈನ್ ಕೊಡುತ್ತಾರೆ, ಮಕ್ಕಳಿಗೆ ಪ್ರವೇಶವಿದೆಯೇ, ಪ್ರವೇಶ ಶುಲ್ಕವನ್ನು ಒಳಗಿನ ಖರೀದಿಗೆ ಹೊಂದಿಸುತ್ತಾರೆಯೇ ಎಂಬ ಪ್ರಶ್ನೆಗಳನ್ನು ಕೇಳಿ. ಇವುಗಳಲ್ಲಿ ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಸಣ್ಣ ವೈನರಿಗಳು ಮುಂಚಿತವಾಗಿ ತಿಳಿಸಿ ಬರುವವರನ್ನು ಮಾತ್ರ ಒಳಗೆ ಕರೆದೊಯ್ಯುವುದುಂಟು, ಆದ್ದರಿಂದ ಭೂಪಟ ತೋರಿಸಿದ ಕಡೆಗೆಲ್ಲ ನೇರವಾಗಿ ಹೋಗಿ ನಿಲ್ಲುವುದು ಸರಿಯಲ್ಲ. ಕೊಯ್ಲಿನ ಋತುವಿನಲ್ಲಿ ಕೆಲವು ಕಡೆ ಪ್ರವಾಸಿಗರಿಗೆ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯಲು ಅವಕಾಶ ಕೊಡುತ್ತಾರೆ. ಅದು ಸಂತೋಷಕ್ಕಾಗಿ ಏರ್ಪಡಿಸುವ ಆಟ. ಕಾರ್ಖಾನೆಯಲ್ಲಿ ಹಣ್ಣು ಹಿಂಡುವುದು ಯಂತ್ರಗಳೇ.

ಮಹಾರಾಷ್ಟ್ರದಲ್ಲಿ ವೈನ್ ಸೇವನೆಗೆ ಕನಿಷ್ಠ 21 ವರ್ಷ ವಯಸ್ಸಾಗಿರಬೇಕು. ಹಳೆಯ ಪಾನನಿರೋಧ ಕಾಯ್ದೆಯಡಿ ಅಲ್ಲಿ ಮದ್ಯ ಸೇವಿಸುವವರಿಗೆ ಪರವಾನಗಿ ಚೀಟಿಯ ವ್ಯವಸ್ಥೆಯೂ ಇದೆ. ಬೇಕಾದಲ್ಲಿ ಅದನ್ನು ಸ್ಥಳದಲ್ಲೇ ಪಡೆಯಲು ಸಾಧ್ಯವೇ ಎಂದು ಕಾಯ್ದಿರಿಸುವಾಗಲೇ ಕೇಳಿಕೊಂಡು, ಗುರುತಿನ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಿ.

ವಾಹನದ ವಿಷಯದಲ್ಲಿ ರಾಜಿ ಬೇಡ

ದಿನವಿಡೀ ಜೊತೆಗಿರುವ ಚಾಲಕನೊಂದಿಗೆ ಬಾಡಿಗೆ ಕಾರನ್ನು ಗೊತ್ತು ಮಾಡಿಕೊಳ್ಳಿ. ಗುಂಪಿನಲ್ಲಿ ಯಾರಾದರೂ ಕುಡಿಯದವರಿದ್ದರೆ ಅವರೇ ಓಡಿಸಲಿ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ. ಆಲ್ಕೋಹಾಲ್ ಮೀರಿದರೆ ಮೋಟಾರು ವಾಹನ ಕಾಯ್ದೆಯಡಿ ಅಪರಾಧ. ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣವೊಂದಿದೆ. ಋತುವಿನಲ್ಲಿ ಈ ಗ್ರಾಮೀಣ ರಸ್ತೆಗಳ ಮೇಲೆ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರುಗಳು, ಕೂಲಿಗೆ ನಡೆದು ಹೋಗುವ ಹೆಣ್ಣುಮಕ್ಕಳು, ಸೈಕಲ್ ಮೇಲಿನ ಶಾಲಾ ಮಕ್ಕಳು ಇರುತ್ತಾರೆ. ಅವರ ಊರಿಗೆ ಅತಿಥಿಗಳಾಗಿ ಹೋಗುವ ನಾವು ಅವರ ಜೀವಕ್ಕೆ ಅಪಾಯ ತರುವಂತಿಲ್ಲ. ಸಂಜೆಯ ನಂತರ ಗಂಗಾಪುರದ ಆಚೆ ಆಟೋ ಅಥವಾ ಬಾಡಿಗೆ ಕಾರು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಮರಳುವ ವ್ಯವಸ್ಥೆಯನ್ನು ಬೆಳಿಗ್ಗೆಯೇ ಮಾಡಿಕೊಂಡಿರಬೇಕು.

ತೋಟದಲ್ಲಿ ನೋಡಬೇಕಾದದ್ದು

ಸಾಧ್ಯವಾದರೆ ತೋಟವನ್ನು ಬೆಳಿಗ್ಗೆಯೇ ನೋಡಿ. ಹಣ್ಣಿನ ಹುಳಿ ಮತ್ತು ಪರಿಮಳ ಕೆಡದಿರಲೆಂದು ವೈನ್ ದ್ರಾಕ್ಷಿಯನ್ನು ತಂಪಿನ ಹೊತ್ತಿನಲ್ಲಿ ಕೊಯ್ಯುತ್ತಾರೆ; ಬಿಸಿಲೇರುವ ಹೊತ್ತಿಗೆ ಕ್ರೇಟುಗಳು ವೈನರಿ ಸೇರಿರುತ್ತವೆ. ಜನವರಿಯ ಬೆಳಗುಗಳಲ್ಲಿ ಇಲ್ಲಿ ಒಳ್ಳೆಯ ಚಳಿಯಿರುತ್ತದೆ, ಸ್ವೆಟರ್ ಮತ್ತು ಮುಚ್ಚಿದ ಪಾದರಕ್ಷೆ ಅವಶ್ಯಕ.

ದಾರಿಯುದ್ದಕ್ಕೂ ಕಾಣುವ ತೋಟಗಳಲ್ಲಿ ತಿನ್ನುವ ದ್ರಾಕ್ಷಿ ಯಾವುದು, ವೈನ್ ದ್ರಾಕ್ಷಿ ಯಾವುದು ಎಂದು ಗುರುತಿಸಲು ಕಲಿತರೆ ಪ್ರಯಾಣವೇ ಪಾಠವಾಗುತ್ತದೆ. ಥಾಂಪ್ಸನ್ ಸೀಡ್‌ಲೆಸ್‌ನಂಥ ತಿನ್ನುವ ತಳಿಗಳನ್ನು ತಲೆಯ ಮಟ್ಟದ ಚಪ್ಪರದ ಮೇಲೆ ಅಥವಾ ವೈ ಆಕಾರದ ಆಸರೆಯ ಮೇಲೆ ಹಬ್ಬಿಸಿರುತ್ತಾರೆ, ಗೊಂಚಲುಗಳು ದೊಡ್ಡದಾಗಿ ಕೆಳಗೆ ಜೋತಿರುತ್ತವೆ. ವೈನ್ ತಳಿಗಳು ಹೆಚ್ಚಾಗಿ ತಂತಿಯ ಬೇಲಿಯಂತೆ ನೇರ ಸಾಲುಗಳಲ್ಲಿ ನಿಂತಿರುತ್ತವೆ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ ಮತ್ತು ಒಗರು ಎರಡೂ ಬರುವುದು ಆ ದಪ್ಪ ಸಿಪ್ಪೆ ಮತ್ತು ಬೀಜಗಳಿಂದ. ಕಪ್ಪು ತಳಿಗಳ ರಸ ಕೂಡ ಬಹುತೇಕ ಬಣ್ಣವಿಲ್ಲದ್ದೇ ಆಗಿರುತ್ತದೆ. ಬುಡದಲ್ಲಿ ಕಸಿಯ ಗಂಟು, ಅದರ ಪಕ್ಕದಲ್ಲಿ ಹನಿ ನೀರಾವರಿಯ ಕೊಳವೆ ಕಾಣುತ್ತವೆ. ಬರ ಮತ್ತು ಉಪ್ಪಿನಂಶವನ್ನು ತಾಳಿಕೊಳ್ಳುವ ಡಾಗ್‌ರಿಜ್ ಎಂಬ ಬೇರುಗಿಡದ ಮೇಲೆ ಬೇಕಾದ ತಳಿಯನ್ನು ಕಸಿ ಮಾಡುವುದು ಇಲ್ಲಿ ರೂಢಿ.

ಅನುಮತಿಯಿಲ್ಲದೆ ಹಣ್ಣು ಕೀಳಬೇಡಿ. ಔಷಧಿ ಸಿಂಪಡಿಸಿರಬಹುದು ಎಂಬುದು ಒಂದು ಕಾರಣ. ವರ್ಷವಿಡೀ ಸಾಕಿದ ಬೆಳೆಯನ್ನು ಫೆಬ್ರವರಿಯ ಒಂದು ಅಕಾಲಿಕ ಮಳೆ ಅಥವಾ ಆಲಿಕಲ್ಲು ಹಾಳುಮಾಡಬಲ್ಲದು ಎಂಬ ಆತಂಕದಲ್ಲೇ ಇಲ್ಲಿನ ರೈತ ಆ ವಾರಗಳನ್ನು ಕಳೆಯುತ್ತಿರುತ್ತಾನೆ, ಒಂದೊಂದು ಗೊಂಚಲೂ ಅವನ ಲೆಕ್ಕದಲ್ಲಿದೆ ಎಂಬುದು ಇನ್ನೂ ದೊಡ್ಡ ಕಾರಣ. ವೈನರಿಗಳು ಬಳಸುವ ದ್ರಾಕ್ಷಿಯ ದೊಡ್ಡ ಪಾಲು ಒಪ್ಪಂದ ಮಾಡಿಕೊಂಡ ಇಂಥ ರೈತರ ಹೊಲಗಳಿಂದಲೇ ಬರುತ್ತದೆ.

ಕಟ್ಟಡದ ಒಳಗೆ ಹೋದಾಗ ಬಿಳಿ ಮತ್ತು ಕೆಂಪು ವೈನಿನ ದಾರಿಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಗಮನಿಸಿ. ಬಿಳಿ ವೈನಿಗೆ ಹಣ್ಣನ್ನು ಮೊದಲೇ ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನಷ್ಟೇ ತಂಪಾಗಿಸಿದ ಸ್ಟೀಲ್ ಟ್ಯಾಂಕಿನಲ್ಲಿ ಹುದುಗು ಬರಿಸುತ್ತಾರೆ. ಕೆಂಪಿಗೆ ಸಿಪ್ಪೆ-ಬೀಜ ಸಮೇತ ಹುದುಗು ಬರಿಸಿ ಆಮೇಲೆ ಹಿಂಡುತ್ತಾರೆ. ಸ್ಪಾರ್ಕ್ಲಿಂಗ್ ವೈನಿನ ಸಾಂಪ್ರದಾಯಿಕ ವಿಧಾನದಲ್ಲಿ ಎರಡನೆಯ ಹುದುಗುವಿಕೆ ಬಾಟಲಿಯೊಳಗೇ ನಡೆದು, ಹೊರಹೋಗಲು ದಾರಿಯಿಲ್ಲದ ಅನಿಲವೇ ನೊರೆಯಾಗಿ ಉಳಿಯುತ್ತದೆ. ಓಕ್ ಪೀಪಾಯಿಗಳ ಕೋಣೆಯಲ್ಲಿ, ಯಾವ ವೈನನ್ನು ಎಷ್ಟು ತಿಂಗಳು ಇಡುತ್ತಾರೆ, ಎಲ್ಲ ವೈನನ್ನೂ ಏಕೆ ಪೀಪಾಯಿಗೆ ಹಾಕುವುದಿಲ್ಲ ಎಂದು ಕೇಳಿ. ಒಳ್ಳೆಯ ಮಾರ್ಗದರ್ಶಕರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ.

ರುಚಿ ನೋಡುವ ಕ್ರಮ

ಖಾಲಿ ಹೊಟ್ಟೆಯಲ್ಲಿ ಕೂರಬೇಡಿ. ಆ ದಿನ ಗಾಢವಾದ ಅತ್ತರು ಅಥವಾ ಸುಗಂಧ ಬೇಡ, ನಿಮ್ಮದಷ್ಟೇ ಅಲ್ಲದೆ ಪಕ್ಕದವರ ಮೂಗನ್ನೂ ಅದು ಮುಚ್ಚುತ್ತದೆ. ಸಾಮಾನ್ಯವಾಗಿ ಐದಾರು ಬಗೆಯ ವೈನನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ: ಮೊದಲು ಸ್ಪಾರ್ಕ್ಲಿಂಗ್, ಆಮೇಲೆ ಬಿಳಿ, ರೋಸೆ (ತಿಳಿಗೆಂಪು ವೈನ್), ಕೆಂಪು, ಕೊನೆಗೆ ಸಿಹಿಯಾದದ್ದು. ಹಗುರದಿಂದ ಗಾಢಕ್ಕೆ ಹೋಗುವ ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಶಿರಾಜ್ ಕುಡಿದ ನಾಲಿಗೆಗೆ ಶೆನಿನ್ ಬ್ಲಾಂಕ್ ನೀರಿನಂತೆ ಕಾಣುತ್ತದೆ. ಗ್ಲಾಸನ್ನು ಅದರ ಕಾಲಿನಲ್ಲಿ ಹಿಡಿದು, ಬೆಳಕಿಗೆ ಬಣ್ಣ ನೋಡಿ, ಮೆಲ್ಲನೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ಬಾಯಿಯಲ್ಲಿ ಸುತ್ತಾಡಿಸಿ. ಹುಳಿ ನಾಲಿಗೆಯ ಅಂಚಿನಲ್ಲಿ ನೀರೂರಿಸುತ್ತದೆ; ಒಗರು ವಸಡನ್ನು ಒಣಗಿಸುತ್ತದೆ. ಶೆನಿನ್ ಬ್ಲಾಂಕ್‌ನಲ್ಲಿ ಸೀಬೆ ಮತ್ತು ಹಸಿರು ಸೇಬಿನ ಪರಿಮಳವನ್ನು, ಸೊವಿನ್ಯೋನ್ ಬ್ಲಾಂಕ್‌ನಲ್ಲಿ ಕತ್ತರಿಸಿದ ಹುಲ್ಲು ಮತ್ತು ಹಸಿ ದೊಣ್ಣೆಮೆಣಸಿನಕಾಯಿಯನ್ನು, ಶಿರಾಜ್‌ನಲ್ಲಿ ಕರಿಮೆಣಸನ್ನು ಹುಡುಕಿ ನೋಡಿ. ಸಿಗದಿದ್ದರೆ ನಿಮಗೆ ಅನಿಸಿದ್ದನ್ನೇ ಹೇಳಿ, ಅದರಲ್ಲಿ ಸಂಕೋಚ ಬೇಕಿಲ್ಲ.

ಮೇಜಿನ ಮೇಲೆ ಉಗುಳಲು ಪಾತ್ರೆಯಿರುತ್ತದೆ. ಕೊಟ್ಟದ್ದನ್ನು ಚೆಲ್ಲುವುದು ಅವಮರ್ಯಾದೆ ಎಂಬ ನಮ್ಮ ಸಂಸ್ಕಾರದಿಂದಾಗಿ ಅನೇಕರು ಅದನ್ನು ಬಳಸಲು ಹಿಂಜರಿಯುತ್ತಾರೆ, ಆದರೆ ವೃತ್ತಿಯಿಂದ ರುಚಿ ನೋಡುವವರೆಲ್ಲರೂ ಉಗುಳುತ್ತಾರೆ. ಎರಡನೆಯ ವೈನರಿಯಲ್ಲಿಯೂ ನಾಲಿಗೆ ಚುರುಕಾಗಿರಬೇಕಾದರೆ ಬೇರೆ ದಾರಿಯಿಲ್ಲ. ಪ್ರತಿ ಎರಡು ವೈನ್‌ಗಳ ನಡುವೆ ನೀರು ಕುಡಿಯಿರಿ. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ಮತ್ತು ಮದ್ಯದೊಂದಿಗೆ ಹೊಂದದ ಔಷಧಿ ತೆಗೆದುಕೊಳ್ಳುತ್ತಿರುವವರು ರುಚಿಯನ್ನೂ ನೋಡಬಾರದು. ಕುಡಿಯದವರಿಗೆ ತೋಟ ಮತ್ತು ಕಾರ್ಖಾನೆಯ ಸುತ್ತು ಅಷ್ಟೇ ಆಸಕ್ತಿದಾಯಕವಾಗಿರುತ್ತದೆ. ಅವರನ್ನು ಒತ್ತಾಯಿಸದಿರುವುದು ಜೊತೆಗಾರರ ಕರ್ತವ್ಯ.

ಸಸ್ಯಾಹಾರಿಗಳಿಗೆ ಊಟದ ತೊಂದರೆಯಿಲ್ಲ. ವೈನರಿಗಳಲ್ಲಿ ಪಾಶ್ಚಾತ್ಯ ಮತ್ತು ಭಾರತೀಯ ಅಡುಗೆ ಸಿಗುತ್ತವೆ. ಆದರೂ ನಾಸಿಕ್‌ಗೆ ಹೋಗಿ ಒಂದು ಬೆಳಗಿನ ತಿಂಡಿಗೆ ಮಿಸಳ್ ಪಾವ್ ತಿನ್ನದೆ ಬರಬಾರದು. ಗಂಗಾಪುರ ರಸ್ತೆಯ ಕಡೆ ಕಟ್ಟಿಗೆ ಒಲೆಯ ಮೇಲೆ ಮಾಡುವ ಮಿಸಳ್‌ಗೆ ಊರಿನವರೇ ಸಾಲು ನಿಲ್ಲುತ್ತಾರೆ. ಪಿಠ್ಲ-ಭಾಕ್ರಿ ನಮ್ಮ ಉತ್ತರ ಕರ್ನಾಟಕದ ಜುಣಕ ಮತ್ತು ರೊಟ್ಟಿಯ ನೆಂಟ.

ಪಂಚವಟಿ ಮತ್ತು ತ್ರ್ಯಂಬಕಕ್ಕೆ ಬೇರೆ ದಿನ

ಕುಟುಂಬದ ಹಿರಿಯರು ಜೊತೆಗಿದ್ದರೆ ದೇವಸ್ಥಾನಗಳಿಗೆ ಒಂದು ಪೂರ್ಣ ದಿನವನ್ನು ಪ್ರತ್ಯೇಕವಾಗಿ, ಅದೂ ಪ್ರವಾಸದ ಮೊದಲ ದಿನವೇ ಮೀಸಲಿಡಿ. ವೈನರಿಯಿಂದ ನೇರವಾಗಿ ಗುಡಿಗೆ ಹೋಗುವ ಸಂದರ್ಭವನ್ನು ತಂದುಕೊಳ್ಳದಿರುವುದು ಎಲ್ಲರ ಭಾವನೆಗೂ ಗೌರವ. ಬೆಳಿಗ್ಗೆ ಬೇಗ ಹೊರಟು ಸುಮಾರು 30 ಕಿ.ಮೀ. ದೂರದ ತ್ರ್ಯಂಬಕೇಶ್ವರಕ್ಕೆ ಹೋಗಿ, ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯ ಮೂಲದ ಕ್ಷೇತ್ರವನ್ನು ನೋಡಿ, ಮಧ್ಯಾಹ್ನದ ನಂತರ ಪಂಚವಟಿಯ ರಾಮಕುಂಡ ಮತ್ತು ಕಪ್ಪು ಕಲ್ಲಿನ ಕಾಳಾರಾಮ ದೇವಾಲಯಕ್ಕೆ ಬನ್ನಿ. ದಲಿತರ ಪ್ರವೇಶಕ್ಕಾಗಿ 1930ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸತ್ಯಾಗ್ರಹ ನಡೆದ ಸ್ಥಳವಿದು. ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಅಗತ್ಯ. ಊರಿನ ದಕ್ಷಿಣಕ್ಕೆ ಮುಂಬೈ ರಸ್ತೆಯ ಬದಿಯ ಪಾಂಡವಲೇಣಿಯಲ್ಲಿ ಸಾತವಾಹನರ ಕಾಲದ 24 ಬೌದ್ಧ ಗುಹೆಗಳಿವೆ. ಗೌತಮಿಪುತ್ರ ಸಾತಕರ್ಣಿಯ ತಾಯಿ ಗೌತಮಿ ಬಾಲಶ್ರೀಯ ಪ್ರಸಿದ್ಧ ಶಾಸನ ಅಲ್ಲಿಯದೇ. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಸಂಜೇಗಾಂವ್‌ಗೆ ಹೋಗುವ ದಿನ ಇದನ್ನು ಮೊದಲು ನೋಡಿ ಮುಂದೆ ಸಾಗಬಹುದು.

ಬಾಟಲಿ ಕೊಳ್ಳುವ ಮುನ್ನ

ದೊಡ್ಡ ಸಂಸ್ಥೆಗಳ ವೈನ್‌ಗಳಲ್ಲಿ ಹೆಚ್ಚಿನವು ಕರ್ನಾಟಕದ ಅಂಗಡಿಗಳಲ್ಲೇ ಸಿಗುತ್ತವೆ. ಸುಲಾಗೆ ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣದ ಬಳಿ ಸ್ವಂತ ವೈನರಿಯೂ ಇದೆ. ಆದ್ದರಿಂದ ಊರಿನಲ್ಲಿ ಸಿಗುವುದನ್ನು ಅಲ್ಲಿಂದ ಹೊತ್ತು ತರುವುದರಲ್ಲಿ ಅರ್ಥವಿಲ್ಲ. ವೈನರಿಯಲ್ಲಿ ಮಾತ್ರ ಮಾರುವ, ಸಣ್ಣ ಪ್ರಮಾಣದಲ್ಲಿ ತಯಾರಾದ ಬಾಟಲಿ ಇದ್ದರೆ ಒಂದೆರಡನ್ನು ಕೊಳ್ಳಬಹುದು. ಬೇರೆ ರಾಜ್ಯದಲ್ಲಿ ಮಾರಾಟವಾದ ಮದ್ಯವನ್ನು ಕರ್ನಾಟಕದೊಳಗೆ ತರುವುದು ಅಬಕಾರಿ ನಿಯಮಗಳಿಗೆ ಒಳಪಟ್ಟಿರುವುದರಿಂದ, ಕೊಳ್ಳುವ ಮೊದಲು ಇಲಾಖೆಯ ಈಗಿನ ಮಿತಿ ಮತ್ತು ಪರವಾನಗಿಯ ನಿಯಮವನ್ನು ವಿಚಾರಿಸಿಕೊಳ್ಳಿ, ಬಿಲ್ಲನ್ನು ಜೋಪಾನವಾಗಿಡಿ. ವಿಮಾನದಲ್ಲಾದರೆ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸಾಮಾನಿನಲ್ಲಿಡಬೇಕು. ಕಾರಿನಲ್ಲಿ ತರುವವರು ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬಾರದು. ಮಾರ್ಚ್‌ನ ಬಿಸಿಯಲ್ಲಿ ಒಂದು ಮಧ್ಯಾಹ್ನ ಸಾಕು, ಒಳಗಿನ ವೈನ್ ಬೇಯಿಸಿದಂತಾಗಿ ಪರಿಮಳ ಕಳೆದುಕೊಳ್ಳುತ್ತದೆ.

ಮನೆಗೆ ತಂದ ಮೇಲೆ ಕಾರ್ಕ್ ಇರುವ ಬಾಟಲಿಗಳನ್ನು ಬೆಳಕಿಲ್ಲದ, ತಂಪಾದ ಜಾಗದಲ್ಲಿ ಮಲಗಿಸಿ ಇಡಿ. ಇಲ್ಲಿನ ಬಿಳಿ ಮತ್ತು ರೋಸೆ ವೈನ್‌ಗಳು ವರ್ಷಗಟ್ಟಲೆ ಇಟ್ಟು ಹಳೆಯದಾಗಿಸಲು ತಯಾರಾದವಲ್ಲ, ಚೀಟಿಯ ಮೇಲಿನ ಕೊಯ್ಲಿನ ವರ್ಷದಿಂದ ಒಂದೆರಡು ವರ್ಷಗಳೊಳಗೆ ಅವುಗಳನ್ನು ತೆರೆಯಬೇಕು. ಪೀಪಾಯಿಯಲ್ಲಿ ಇರಿಸಿದ ಕೆಂಪು ವೈನ್‌ಗಳಲ್ಲಿ ಯಾವುದು ಎಷ್ಟು ಕಾಲ ಬಾಳುತ್ತದೆ ಎಂದು ವೈನರಿಯಲ್ಲೇ ಕೇಳಿ ಬರೆದುಕೊಂಡು ಬನ್ನಿ.